ಬೊಂಬೆಯೂರಿನ ಬಣ್ಣದ ಲೆಕ್ಕ

ಬೆಂಗಳೂರಿನಿಂದ ಮೈಸೂರಿನ ಹಾದಿಯಲ್ಲಿ ಸುಮಾರು 60 ಕಿ.ಮೀ. ಸಾಗಿದರೆ ಚನ್ನಪಟ್ಟಣ. ಊರು ಬಂತೆಂದು ಒಂದು ಕಾಲದಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ರಸ್ತೆಯ ಎರಡೂ ಬದಿಯ ಅಂಗಡಿಗಳ ಮುಂದೆ ತೂಗುಬಿಟ್ಟ ಮರದ ಕುದುರೆ, ಗಿಲಕಿ, ಬುಗುರಿಗಳು ಬಸ್ಸಿನ ಕಿಟಕಿಯಿಂದಲೇ ಕಣ್ಣಿಗೆ ಬೀಳುತ್ತಿದ್ದವು. ಮಕ್ಕಳ ಹಟ ಅಲ್ಲಿಂದಲೇ ಶುರುವಾಗುತ್ತಿತ್ತು. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾಹನಗಳು ಬೈಪಾಸ್ ಹಿಡಿದು ಊರನ್ನು ಮುಟ್ಟದೆಯೇ ಮುಂದೆ ಓಡುತ್ತವೆ. ಹಳೆಯ ರಸ್ತೆಯ ಬೊಂಬೆ ಅಂಗಡಿಗಳ ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ. ಮೈಸೂರು ಒಂದೂವರೆ ಗಂಟೆ ಹತ್ತಿರವಾಯಿತೆಂದು ಹಿಗ್ಗುವವರಿಗೆ ಈ ನಷ್ಟ ಕಾಣುವುದಿಲ್ಲ!

ಆದರೂ ದಸರೆ ಹತ್ತಿರವಾದಂತೆ ಊರಿನ ಒಳಬೀದಿಗಳಲ್ಲಿ ಲೇತ್ ಯಂತ್ರಗಳ ಗರಗರ ಸದ್ದು ಹೆಚ್ಚುತ್ತದೆ. ಮನೆಮನೆಯ ಬೊಂಬೆ ಹಬ್ಬಕ್ಕೆ ಮೆಟ್ಟಿಲ ಮೇಲೆ ಕೂರಿಸುವ ಪುಟ್ಟ ಬೊಂಬೆಗಳು ಒಂದು ಕಡೆ. ಡಿಸೆಂಬರಿನ ಕ್ರಿಸ್ಮಸ್ ಮರಕ್ಕೆ ದಾರ ಕಟ್ಟಿ ತೂಗುಬಿಡುವ ಗಂಟೆ, ನಕ್ಷತ್ರ, ಸೇಬು, ದೇವದೂತರು ಇನ್ನೊಂದು ಕಡೆ. ಎರಡನೆಯದು ಹಡಗೇರಿ ದೂರದೇಶಕ್ಕೆ ಹೋಗಬೇಕಾದ ಸರಕು. ಆದ್ದರಿಂದ ಚಳಿಗಾಲದ ಹಬ್ಬದ ಕೆಲಸ ಇಲ್ಲಿ ಬಿಸಿಲಿರುವಾಗಲೇ ಆರಂಭವಾಗುತ್ತದೆ. ಮಾಡುವ ಕೈ ಒಂದೇ, ಮರವೂ ಒಂದೇ. ಯಾವ ಬಣ್ಣ ಹಾಕಬೇಕು ಎಂಬಲ್ಲಿ ಮಾತ್ರ ತಲೆಬಿಸಿ.

ಅಸಲಿಗೆ ಚನ್ನಪಟ್ಟಣದ ಬೊಂಬೆಗೆ ಬಣ್ಣ ಬಳಿಯುವುದಿಲ್ಲ, ತಿಕ್ಕುತ್ತಾರೆ. ಹಾಲೆಮರದ ತುಂಡನ್ನು ತಿಂಗಳುಗಟ್ಟಲೆ ಒಣಗಿಸಿ, ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು ಆಕಾರಕ್ಕೆ ಕಡೆಯುತ್ತಾರೆ. ಗೀರಿದರೆ ಹಾಲು ಸುರಿಸುವ ಮರ, ಒಳಗೆ ದಂತದಂತೆ ಬೆಳ್ಳಗೆ, ನುಣ್ಣಗೆ. ನಯವಾದ ಮೇಲೆ, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮುತ್ತುಗ, ಎಲಚಿಯಂಥ ಮರಗಳ ಮೇಲೆ ಒಂದು ಕೀಟ ಸುರಿಸುವ ಅಂಟು ಈ ಅರಗು. ಬಹುಪಾಲು ಜಾರ್ಖಂಡ, ಛತ್ತೀಸಗಡದ ಕಡೆಯಿಂದ ಬರುತ್ತದೆ. 80 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಕರಗುತ್ತದೆ. ಆಮೇಲೆ ತಾಳೆಗರಿ, ಎಂದರೆ ಒಣಗಿದ ಕೇದಗೆಯ ಎಲೆ. ಅದನ್ನು ಒತ್ತಿದರೆ ಪದರ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಕುಂಚವಿಲ್ಲ, ಒಣಗಲು ಕಾಯಬೇಕಾಗಿಲ್ಲ, ಎಣ್ಣೆಬಣ್ಣದ ವಾಸನೆಯೂ ಇಲ್ಲ.

ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬುದು ಊರಿನವರು ಹೇಳುವ ಮೂಲಕಥೆ. ಬಾವಾಸ್ ಮಿಯಾನ್ ಎಂಬುವರನ್ನು ಈ ಕಸುಬಿನ ಪಿತಾಮಹರೆಂದು ಇಂದಿಗೂ ನೆನೆಯುತ್ತಾರೆ. 2005-06ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಇದೆಲ್ಲ ಹಲವರಿಗೆ ಗೊತ್ತಿರುವ ಸಂಗತಿ. ಗೊತ್ತಿಲ್ಲದ್ದು ಆ ಅರಗಿನ ಕಡ್ಡಿಯೊಳಗೆ ಬೆರೆತಿರುವ ಪುಡಿಯ ಸಮಾಚಾರ.

ಅರಗನ್ನು ಬಿಸಿಮಾಡಿ, ಹಿಟ್ಟಿನಂತೆ ಮೆದುವಾದಾಗ ಬಣ್ಣದ ಪುಡಿ ಹಾಕಿ, ನಾದಿ, ಎಳೆದು ಕಡ್ಡಿ ಮಾಡುತ್ತಾರೆ. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡದ ಬಣ್ಣ, ಕಂದಿಗೆ ಕಾಚು, ಕೇಸರಿಗೆ ರಂಗುಮಾಲೆಯ ಬೀಜ. ಅರಗಿನ ಕೀಟದಿಂದಲೇ ಒಂದು ಬಗೆಯ ಕೆಂಪು ಸಿಗುತ್ತದೆ. ಅರಿಸಿನ, ನೀಲಿ ಸೇರಿದರೆ ಹಸಿರು. ಅರಗಿನ ಸ್ವಂತ ಬಣ್ಣ ಜೇನಿನಂಥದು. ಹಾಗಾಗಿ ಬಿಳಿ, ತಿಳಿಗುಲಾಬಿ, ತಿಳಿನೀಲಿಗಳು ತೇರ್ಗಡೆಯಾಗುವುದು ಕಷ್ಟ. ಅದಕ್ಕೆ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಪುಡಿಯ ನೆರವು ಬೇಕು. ಸ್ವಾರಸ್ಯವೆಂದರೆ ಹಾಲೆಮರದ ಎಲೆಯಿಂದಲೂ ನೀಲಿ ಬಣ್ಣ ತೆಗೆಯಬಹುದು. ಅದರ ಸಸ್ಯಶಾಸ್ತ್ರೀಯ ಹೆಸರು ರೈಟಿಯಾ ಟಿಂಕ್ಟೋರಿಯಾ. ಬಣ್ಣಗಾರರಿಗೆ ಬೇಕಾದ ಗಿಡಗಳಿಗೆ ಸಸ್ಯವಿಜ್ಞಾನಿಗಳು ಇಡುತ್ತಿದ್ದ ಹೆಸರು ಈ ‘ಟಿಂಕ್ಟೋರಿಯಾ’.

ತೊಡಕು ಹಳದಿಯದು. ಅರಿಸಿನಕ್ಕೆ ಬೆಳಕಾಗದು. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟ ಅರಿಸಿನದ ಬೊಂಬೆ ದಿನ ಕಳೆದಂತೆ ಬಿಳಿಚಿಕೊಳ್ಳುತ್ತದೆ. ಅರಿಸಿನ ಬೆರೆತ ಹಸಿರೂ ಅಷ್ಟೆ. ಅದರೊಳಗಿನ ಹಳದಿ ಹಾರಿದಂತೆ ಗಿಣಿ ನೀಲಿಯತ್ತ ವಾಲುತ್ತದೆ. ಗಿರಾಕಿಗೆ ಬೇಕಾಗಿರುವುದು ಕಣ್ಣು ಕುಕ್ಕುವ, ಮಾಸದ ಹಳದಿ. ಪೇಟೆಯಲ್ಲಿ ಅಂಥದೊಂದು ಅಗ್ಗವಾಗಿ ಸಿಗುತ್ತಿತ್ತು: ಸೀಸದ ಕ್ರೋಮೇಟ್. ಹೊಳಪು, ಬಾಳಿಕೆ, ಬೆಲೆ ಮೂರರಲ್ಲೂ ಅದು ಗೆಲ್ಲುತ್ತದೆ. ಸೋಲುವುದು ಮಗುವಿನ ಬಾಯಲ್ಲಿ. ಬೊಂಬೆ ಸಿಕ್ಕ ಕೂಸು ಮೊದಲು ಮಾಡುವ ಕೆಲಸ ಅದನ್ನು ಕಚ್ಚುವುದು ತಾನೆ? ಸೀಸ ಮೈಗೆ ಸೇರಿದರೆ ಬೆಳೆಯುವ ಮಿದುಳಿಗೇ ಹಾನಿ. ಇಷ್ಟಾದರೆ ಅಪಾಯವಿಲ್ಲ ಎನ್ನುವಂಥ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

2007ರಲ್ಲಿ ಅಮೆರಿಕದಲ್ಲಿ ಬಣ್ಣದ ಸೀಸದ ಕಾರಣಕ್ಕೆ ಲಕ್ಷಾಂತರ ಆಟಿಕೆಗಳನ್ನು ಅಂಗಡಿಗಳಿಂದ ವಾಪಸು ಪಡೆಯಬೇಕಾಯಿತು. ಅವು ಚೀನಾದಲ್ಲಿ ತಯಾರಾದವು. ಮರುವರ್ಷ ಬಂದ ಅಲ್ಲಿನ ಕಾನೂನು, ಬಣ್ಣದಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷಕ್ಕೆ 600 ಭಾಗದಿಂದ 90ಕ್ಕೆ ಇಳಿಸಿತು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಿಗೆ ಇದೇ 90ರ ಮಿತಿ 2016ರ ನಿಯಮದಿಂದ ಬಂದು, 2017ರ ನವೆಂಬರಿನಲ್ಲಿ ಜಾರಿಯಾಯಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಆದರೆ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳ ಅಧಿಕೃತ ತಯಾರಕರಿಗೂ ವಿನಾಯಿತಿ ಇದೆ. ನಾಲ್ಕು ಜನರ ಕಾರ್ಖಾನೆ ಪರೀಕ್ಷೆಯ ಖರ್ಚಿನ ಕೆಳಗೆ ನುಗ್ಗಾಗಬಾರದು ಎಂಬ ದೃಷ್ಟಿಯಿಂದ ಇದು ಸರಿಯೇ. ಹಾಗೆಂದು ಬಣ್ಣದ ಹೊಣೆ ಇಳಿಯುವುದಿಲ್ಲ. ಅದು ಮಾಡುವವನ ಮತ್ತು ಕೊಳ್ಳುವವನ ಮಧ್ಯೆ ಉಳಿಯುತ್ತದೆ.

ಕೊಳ್ಳುವವರು ಏನು ನೋಡಬೇಕು? ಸೀಸ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ಪ್ರಯೋಗಾಲಯವೇ ಹೇಳಬೇಕು. ಆದರೂ ಒಂದು ಸುಳಿವಿದೆ. ಉರುಟಾದ ಭಾಗಕ್ಕೆಲ್ಲ ಲೇತಿನ ಮೇಲೆ ಅರಗು ಹತ್ತುತ್ತದೆ. ಕಣ್ಣು, ಬಾಯಿ, ಮೀಸೆ, ಸೀರೆಯ ಬುಟ್ಟಿ, ನಕ್ಷತ್ರದ ಮೇಲಿನ ಚುಕ್ಕೆ ಇವುಗಳಿಗೆ ಕುಂಚವೇ ಗತಿ. ಹೆಚ್ಚಿನ ಕಡೆ ಹೆಂಗಸರು ಮಾಡುವ ಈ ಕೆಲಸಕ್ಕೆ ಅಂಗಡಿಯಿಂದ ತಂದ ಬಣ್ಣ ಬಳಸುತ್ತಾರೆ. ‘ಅರಗಿನ ಬೊಂಬೆ, ಏನೂ ಆಗುವುದಿಲ್ಲ’ ಎಂಬ ಮಾತು ಬೊಂಬೆಯ ಮೈಗೆ ನಿಜವಾಗಿದ್ದು ಮುಖಕ್ಕೆ ಸುಳ್ಳಾಗಿರಬಹುದು! ಆದ್ದರಿಂದ ಕೇಳಬೇಕಾದ್ದು ಎರಡು ಪ್ರಶ್ನೆ: ಅರಗಿಗೆ ಹಾಕಿದ ಪುಡಿ ಯಾವುದು, ಕಣ್ಣು ಬರೆದದ್ದು ಯಾವ ಬಣ್ಣದಲ್ಲಿ? ಬಣ್ಣದ ಡಬ್ಬಿಯನ್ನು ಹಿಂಜರಿಯದೆ ತೋರಿಸುವ ಕಾರ್ಖಾನೆಯಲ್ಲಿ ಹತ್ತು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹಲ್ಲು ಬರುತ್ತಿರುವ ಕೂಸಿಗಾದರೆ ಮುಖ ಬರೆಯದ ಗಿಲಕಿಯೇ ಮೇಲು. ಮೆಟ್ಟಿಲ ಮೇಲೆ ಕೂರುವ ಬೊಂಬೆಗೂ ಮರಕ್ಕೆ ತೂಗುವ ಗಂಟೆಗೂ ಅಷ್ಟು ಬಿಗಿ ಬೇಡವೆನ್ನುವವರಿದ್ದಾರೆ. ಹಬ್ಬದ ಮನೆಯಲ್ಲಿ ಕೆಳಗಿನ ಮೆಟ್ಟಿಲಿನ ಬೊಂಬೆ ಅಂಬೆಗಾಲಿಡುವ ಮಗುವಿನ ಕೈಗೆ ಸಿಗದೆ ಇರುವುದುಂಟೆ?

ಬಣ್ಣ ಬಳಿಯದ ಮರದ ಬೊಂಬೆ ತಂದು ಮಕ್ಕಳೇ ಚಿತ್ರ ಬರೆಯುವುದೂ ಒಳ್ಳೆಯ ರಜೆಯ ಕೆಲಸ. ಬರಿಯ ಮರಕ್ಕೆ ಪೋಸ್ಟರ್ ಬಣ್ಣ ಹಿಡಿಯುತ್ತದೆ, ಆದರೆ ಒದ್ದೆ ಕೈ ತಾಗಿದರೆ ಬಿಡುತ್ತದೆ. ನೀರಿನಲ್ಲಿ ಕದಡುವ ಅಕ್ರಿಲಿಕ್ ಒಣಗಿದ ಮೇಲೆ ಬಿಡುವುದಿಲ್ಲ. ಅರಗು ಹತ್ತಿದ ನುಣುಪು ಮೈಯ ಮೇಲೆ ಬರೆಯುವುದಾದರೆ ಸಣ್ಣ ಉಪ್ಪುಕಾಗದದಿಂದ ಒಮ್ಮೆ ಮೆಲ್ಲಗೆ ಉಜ್ಜಬೇಕು. ಸ್ಪಿರಿಟ್ ಬೆರೆತ ಬಣ್ಣ ಮಾತ್ರ ಬೇಡ. ಅರಗು ಸ್ಪಿರಿಟ್‌ನಲ್ಲಿ ಕರಗಿ ಇಡೀ ಬೊಂಬೆ ಅಂಟಂಟಾಗುತ್ತದೆ. ಕ್ಷಾರದಲ್ಲೂ ಅರಗು ಕರಗುವುದರಿಂದ ಸಾಬೂನಿನ ನೀರಿನಲ್ಲಿ ನೆನೆಹಾಕದೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಬೇಸಿಗೆಯಲ್ಲಿ ಕಾರಿನ ಗಾಜಿನ ಹಿಂದೆ ಇಡುವುದೂ ತರವಲ್ಲ. ಅರಿಸಿನದ ಗುಣವನ್ನು ಶಾಲೆಯ ಮಕ್ಕಳು ಮನೆಯಲ್ಲೇ ನೋಡಬಹುದು: ಅರಿಸಿನದ ನೀರಿನಲ್ಲಿ ಅದ್ದಿದ ಎರಡು ಕಾಗದಗಳಲ್ಲಿ ಒಂದನ್ನು ಪುಸ್ತಕದೊಳಗೂ ಇನ್ನೊಂದನ್ನು ಬಿಸಿಲಲ್ಲೂ ಒಂದು ವಾರ ಇಟ್ಟು ಹೋಲಿಸಿದರೆ, ಬೊಂಬೆ ಮಾಡುವವರ ಕಷ್ಟ ಅರ್ಥವಾಗುತ್ತದೆ.

ಚನ್ನಪಟ್ಟಣಕ್ಕೆ ರೈಲೇ ಸುಖ. ಬೆಂಗಳೂರು–ಮೈಸೂರು ಮಾರ್ಗದ ಹಲವು ಗಾಡಿಗಳು ಇಲ್ಲಿ ನಿಲ್ಲುತ್ತವೆ. ಕಾರಿನವರು ಬೈಪಾಸ್ ಹತ್ತದೆ ಹಳೆಯ ರಸ್ತೆಯಲ್ಲೇ ಬರಬೇಕು. ಅಂಗಡಿಯ ಮುಂಭಾಗ ನೋಡಿ ಮರಳುವ ಬದಲು ಕಲಾನಗರದ ಕಡೆಯ ಕಾರ್ಖಾನೆಗಳಲ್ಲಿ ಕೇಳಿಕೊಂಡರೆ ಕೆಲಸ ನೋಡಲು ಬಿಡುವವರಿದ್ದಾರೆ. ದಸರೆಗೆ ಮುಂಚಿನ ವಾರಗಳಲ್ಲಿ ಹೋದರೆ ಕೆಲಸದ ಭರಾಟೆ ಕಾಣುತ್ತದೆ, ಮಾತಿಗೆ ಬಿಡುವಿರುವುದಿಲ್ಲ. ಹಬ್ಬ ಮುಗಿದ ಮೇಲೆ ಮಾತಿಗೆ ಸಿಗುತ್ತಾರೆ, ಒಳ್ಳೆಯ ಬೊಂಬೆಗಳು ಅಷ್ಟು ಹೊತ್ತಿಗೆ ಖಾಲಿಯಾಗಿರುತ್ತವೆ.