ಮುಂದಿನ ಚಕ್ರದ ಕೀಲು

"ಮಾವ, ಇದನ್ನ ಫೋರ್ ವೀಲ್ ಮಾಡಿಸೋಕೆ ಎಷ್ಟಾಗ್ಬಹುದು?" ಎಂದು ಅಕ್ಕನ ಮಗ ಕೇಳಿದಾಗ ಈ ಲೇಖಕನಿಗೆ ಖರ್ಚಿನ ಬದಲು ಅಜ್ಜನ ಕೊಟ್ಟಿಗೆ ನೆನಪಾಯಿತು. ಹುಡುಗನ ಎಸ್‌ಯುವಿ ನೋಡಲು ಭರ್ಜರಿ. ಆದರೆ ಎಂಜಿನ್ನಿನ ಬಲವೆಲ್ಲ ಹೋಗುವುದು ಹಿಂದಿನ ಎರಡೇ ಚಕ್ರಕ್ಕೆ. ಟೂ ವೀಲ್ ಕೊಂಡು ದುಡ್ಡು ಉಳಿಸಿದ ಖುಷಿ ಮೂಡಿಗೆರೆ ಕಡೆಯ ತೋಟದ ಏರಿನಲ್ಲಿ, ಮೊದಲ ಮುಂಗಾರಿಗೇ ಕೆಸರಿನಲ್ಲಿ ಹೂತಿತ್ತು.

ಅಜ್ಜನದು ಮಿಲಿಟರಿ ಹರಾಜಿನ ಜೀಪು, ಹುಟ್ಟಾ ಫೋರ್ ವೀಲ್. ಅವರು ಮಾಡುತ್ತಿದ್ದುದು ತದ್ವಿರುದ್ಧ. ಮಳೆಗಾಲ ಮುಗಿಯಿತೋ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಿ, ಗ್ರೀಸ್ ಬಳಿಸಿ, ಗೋಣಿ ಸುತ್ತಿಸಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿಸುವರು. ಒಣ ರಸ್ತೆಯಲ್ಲಿ ಅದು ಸುಮ್ಮನೆ ಪೆಟ್ರೋಲು ಕುಡಿಯುತ್ತದೆಂಬುದು ಅವರ ದೂರು. ಆರ್ದ್ರಾ ಮಳೆ ಹಿಡಿಯುವುದರೊಳಗೆ ಮೆಕ್ಯಾನಿಕ್ ಸಾಬರು ಬಂದು ಮತ್ತೆ ಕೂಡಿಸಬೇಕು. ನಿಜ ಹೇಳಬೇಕೆಂದರೆ ಶಾಫ್ಟ್ ಬಿಚ್ಚಿದರೂ ಚಕ್ರದ ಜೊತೆ ಮುಂದಿನ ಆಕ್ಸಲ್ಲೂ ಕ್ರೌನ್ ಪಿನಿಯನ್ನೂ ಸುತ್ತುತ್ತಲೇ ಇದ್ದವು. ಉಳಿತಾಯ ಬಹುಪಾಲು ಅಜ್ಜನ ಮನಸ್ಸಿನಲ್ಲೇ ಆಗುತ್ತಿತ್ತು.

ಇದೇ ದೂರಿನಿಂದ ಅಮೆರಿಕದಲ್ಲೊಬ್ಬ ವ್ಯಾಪಾರ ಕಟ್ಟಿದ. ಯುದ್ಧ ಮುಗಿದು ಮಿಲಿಟರಿ ಜೀಪುಗಳು ರೈತರ ಕೈಗೆ ಬಂದಿದ್ದವು. 1948ರಲ್ಲಿ ವಾಷಿಂಗ್ಟನ್ ರಾಜ್ಯದ ಆರ್ಥರ್ ವಾರ್ನ್ ಎಂಬಾತ ಅವುಗಳ ಮುಂದಿನ ಚಕ್ರಕ್ಕೆ ಹೊಸ ಬಗೆಯ ಹಬ್ ಮಾಡಿ ಮಾರತೊಡಗಿದ. ಬೇಡವಾದಾಗ ಚಕ್ರ ಮಾತ್ರ ಉರುಳಿ, ಒಳಗಿನದೆಲ್ಲ ಸುಮ್ಮನಿರುವಂತೆ ಮಾಡುವ ಹಬ್ ಅದು. ಅಟ್ಟ ಹತ್ತುವ ಕೆಲಸವೇ ಇಲ್ಲ.

ಆದರೆ ಈ ಲೇಖಕನ ಪ್ರೀತಿಯೆಲ್ಲ ಹಬ್ಬಿನ ಹಿಂದೆ ಗ್ರೀಸಿನಲ್ಲಿ ಮುಳುಗಿರುವ ಕೀಲಿನ ಮೇಲೆ. ಹಿಂದಿನ ಚಕ್ರಕ್ಕೆ ಬಲ ಕೊಡುವುದು ಸಲೀಸು, ಅದು ನೆಟ್ಟಗೆ ಉರುಳಿದರಾಯಿತು. ಮುಂದಿನದು ಉರುಳುತ್ತಲೇ ಎಡಕ್ಕೂ ಬಲಕ್ಕೂ ಹೊರಳಬೇಕು. ಬಲ ತರುವ ಶಾಫ್ಟು ಚಕ್ರದ ಬಳಿ ಬಂದು ಮಡಚಬೇಕು, ಮಡಚಿಕೊಂಡೇ ಸುತ್ತಬೇಕು. ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನ ಕಮ್ಮಾರ ಒಟ್ಟೊ ಝಾಖೋ, ತನ್ನ ಭಾವಮೈದುನ ವಿಲಿಯಂ ಬೆಸರ್ಡಿಚ್ ಜೊತೆ ಸೇರಿ, ಭುಜದ ಸಂದಿನಂಥ ಗುಂಡು ಬಟ್ಟಲೊಳಗೆ ಇಂಥ ಕೀಲನ್ನು ಕೂರಿಸಿ 1908ರಲ್ಲಿ ಪೇಟೆಂಟ್ ಪಡೆದ. ಅವರ ಕಾರ್ಖಾನೆಯ ಲಾರಿಗಳು ಮೊದಲ ಮಹಾಯುದ್ಧದ ಕೆಸರಿಗಿಳಿದವು.

ಅಲ್ಲಿಗೆ ಮುಗಿಯಲಿಲ್ಲ. ಸಾಧಾರಣ ಕ್ರಾಸ್ ಇರುವ ಕೀಲು ಮಡಚಿದಾಗ ಒಂದೊಂದು ಸುತ್ತಿನಲ್ಲೂ ಎರಡೆರಡು ಸಲ ಓಡಿ, ಎರಡೆರಡು ಸಲ ಹಿಂಜರಿಯುತ್ತದೆ. ಆ ಚಾಳಿ ಸ್ಟೇರಿಂಗಿನವರೆಗೂ ಮುಟ್ಟುತ್ತದೆ. ಅದನ್ನು ಬಿಡಿಸಲು 1926ರಲ್ಲಿ ಫ್ರಾನ್ಸಿನ ಗ್ರೆಗ್ವಾರ್ ಮತ್ತು ಫೆನಾಯ್ ತಮ್ಮದೊಂದು ಕೀಲು ಮಾಡಿದರು. ಮರುವರ್ಷ ಗ್ರೆಗ್ವಾರ್ ಆ ಕೀಲಿನ ಕಾರನ್ನೇ ಲೆ ಮಾನ್ ರೇಸಿನಲ್ಲಿ ಓಡಿಸಿದ. ಅದೇ ಕಾಲಕ್ಕೆ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ ಆರು ಉಕ್ಕಿನ ಗುಂಡುಗಳ ಕೀಲು ಕಂಡುಹಿಡಿದ. ಎರಡನೇ ಮಹಾಯುದ್ಧದ ಜೀಪಿಗೆ ಈ ಎರಡೂ ಸೇರಿ ನಾಲ್ಕು ಬಗೆಯ ಕೀಲು ಬಳಸಿದರು. ನಾಲ್ಕು ಗಾಡಿ ಒಂದೇ ಸಾಲಿನಲ್ಲಿ ನಿಂತರೂ ಒಳಗಿನದು ಬೇರೆ ಬೇರೆ ಇದ್ದೀತು! ಅಜ್ಜನ ಜೀಪಿನಲ್ಲಿ ಯಾವುದಿತ್ತೋ, ಸಾಬರಿಗೆ ಮಾತ್ರ ಗೊತ್ತಿತ್ತು.

ಗಾಡಿಗೆ ಫೋರ್ ವೀಲ್ ಕೂಡಿಸುವುದೇ ಕೆಲವರ ಕಸುಬಾಗಿದ್ದ ಕಾಲವೂ ಒಂದಿತ್ತು. 1930ರ ದಶಕದಲ್ಲಿ ಇಂಡಿಯಾನಾಪೊಲಿಸ್‌ನ ಮಾರ್ಮನ್-ಹೆರಿಂಗ್ಟನ್ ಫೋರ್ಡ್ ಗಾಡಿಗಳನ್ನು ಹೀಗೆ ಬದಲಿಸುತ್ತಿತ್ತು. 1950ರ ದಶಕದಲ್ಲಿ ಮಿನಿಯಾಪೊಲಿಸ್‌ನ ನ್ಯಾಪ್‌ಕೊ ಮುಂದಿನ ಆಕ್ಸಲ್, ಟ್ರಾನ್ಸ್‌ಫರ್ ಕೇಸ್, ಶಾಫ್ಟುಗಳನ್ನು ಒಂದು ಕಿಟ್ ಮಾಡಿ ಶೆವ್ರೊಲೆ ಪಿಕಪ್ಪುಗಳಿಗೆ ಹಾಕುತ್ತಿತ್ತು. ಹಳೆ ಪಿಕಪ್ ಮಾರುವವರು ಕಿಟ್ ಬಿಚ್ಚಿ ಹೊಸದಕ್ಕೆ ಹಾಕಿಸಿಕೊಳ್ಳಬಹುದಿತ್ತು. ಅಜ್ಜನಿಗೆ ಸುದ್ದಿ ಸಿಕ್ಕಿದ್ದರೆ ಪತ್ರ ಬರೆಯುತ್ತಿದ್ದರು. 1957ರಿಂದ ಆ ಕಿಟ್ ಶೆವ್ರೊಲೆ ಕಾರ್ಖಾನೆಯಲ್ಲೇ ಸಿಗತೊಡಗಿತು. 1960ರ ಹೊಸ ಪಿಕಪ್ಪುಗಳಿಗೆ ಮುಂದೆ ಲೀಫ್ ಸ್ಪ್ರಿಂಗ್ ಹೋಗಿ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು. ಹಳೆಯ ಕಿಟ್ಟಿಗೆ ಕೂರಲು ಜಾಗವೇ ಉಳಿಯಲಿಲ್ಲ.

ಹುಡುಗನ ಗಾಡಿಯ ತೊಡಕೂ ಹೆಚ್ಚುಕಡಿಮೆ ಇದೇ. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಕೂರಬೇಕು, ಎಂಜಿನ್ನಿನ ಅಡಿಯಲ್ಲಿ ಮುಂದಿನ ಡಿಫರೆನ್ಷಿಯಲ್‌ಗೆ ಜಾಗ ಬೇಕು, ಹಿಂದೆ ಮುಂದೆ ಕ್ರೌನ್ ಪಿನಿಯನ್ನಿನ ಲೆಕ್ಕ ಹೊಂದಬೇಕು. ಹೊಂದದಿದ್ದರೆ ಗಟ್ಟಿ ನೆಲದಲ್ಲಿ ಒಂದನ್ನೊಂದು ತಿರುಚಿ ಏನಾದರೊಂದು ಮುರಿಯುತ್ತದೆ. ಇಷ್ಟಾದ ಮೇಲೆ ಎಬಿಎಸ್‌ನ ಕಂಪ್ಯೂಟರ್ ಒಪ್ಪಬೇಕು. ಅದು ಒಪ್ಪಿದರೂ ಕಾನೂನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹಿಡಿದು, ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿಬಿಟ್ಟಿದೆ. ಇದ್ದದ್ದನ್ನು ಮಾರಿ ಫೋರ್ ವೀಲ್ ಇರುವುದನ್ನೇ ಕೊಳ್ಳುವುದು ಅಗ್ಗ.

ಅಲ್ಲಿಯವರೆಗೆ ಮಲೆನಾಡಿನ ಟೂ ವೀಲ್ ಜೀಪುಗಳ ದಾರಿಯಿದೆ. ಹಿಂದಿನ ಟೈರಿಗೆ ಚೈನ್ ಸುತ್ತಿಕೊಂಡರೆ, ನುಣುಪು ಟೈರಿನ ಫೋರ್ ವೀಲ್ ಜಾರುವ ಏರನ್ನು ಅವು ಗೊಣಗುತ್ತಾ ಹತ್ತುತ್ತವೆ. ಟಾರು ರಸ್ತೆ ಸಿಕ್ಕ ಕೂಡಲೇ ಇಳಿದು ಬಿಚ್ಚಬೇಕು, ಅಷ್ಟೆ. ಸೋಮಾರಿತನ ಮಾಡಿದರೆ ಚೈನೂ ಹೋಯಿತು, ಟೈರೂ ಹೋಯಿತು.