ಪರಿಚಯವಾದ ಗಂಟೆಯೊಳಗೆ ಜುಗಲ್‌ಬಂದಿ

ರಾತ್ರಿ ಮತ್ತೆ 'ಎ ಮೀಟಿಂಗ್ ಬೈ ದ ರಿವರ್' ಕೇಳಿದೆ. 1993ರ ಆಲ್ಬಂ. ವಿಶ್ವಮೋಹನ ಭಟ್ಟರ ಮೋಹನವೀಣೆ, ಅಮೆರಿಕದ ರೈ ಕೂಡರ್ ಅವರ ಸ್ಲೈಡ್ ಗಿಟಾರ್, ಜೊತೆಗೆ ಸುಖ್ವಿಂದರ್ ಸಿಂಗ್ ನಾಮಧಾರಿ ಅವರ ತಬಲಾ. ಕೂಡರ್ ಮಗ, ಆಗಿನ್ನೂ ಹದಿಹರೆಯದ ಹುಡುಗ ಯೋಆಕಿಂ, ಅರಬ್ ನಾಡಿನ ದುಂಬೆಕ್ ಎಂಬ ಚರ್ಮವಾದ್ಯ ನುಡಿಸಿದ್ದಾನೆ.

ಸೋಜಿಗವೆಂದರೆ ಭಟ್ ಮತ್ತು ಕೂಡರ್ ಮೊದಲ ಸಲ ಭೇಟಿಯಾಗಿದ್ದೇ ರೆಕಾರ್ಡಿಂಗ್‌ಗೆ ಗಂಟೆಯೂ ಇಲ್ಲದಿದ್ದಾಗ! ಆದರೂ ಒಬ್ಬರ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಮುಗಿಯುವಲ್ಲಿ ಇನ್ನೊಬ್ಬರದು ಶುರುವಾಗುತ್ತದೆ. ಎರಡೂ ವಾದ್ಯಗಳಲ್ಲಿ ತಂತಿಯ ಮೇಲೆ ಜಾರುವುದು ಗಾಜಿನದೋ ಲೋಹದ್ದೋ ಒಂದು ತುಂಡು. ಹೀಗೆ ಜಾರಿಸಿ ನುಡಿಸುವುದು ಹವಾಯಿಯಲ್ಲಿ ಬೆಳೆದು ದೇಶಾಂತರ ಹೋದ ಕಲೆ. ಭಟ್ಟರ ಕೈಯಲ್ಲಿ ಗಮಕವಾಗಿದೆ, ಕೂಡರ್ ಕೈಯಲ್ಲಿ ಬ್ಲೂಸ್. ಭಟ್ಟರು ಗಿಟಾರಿಗೆ ಸಿತಾರಿನ ಹಾಗೆ ತಾವಾಗಿಯೇ ಅನುರಣಿಸುವ ತರಬ್ ತಂತಿಗಳನ್ನು ಕಟ್ಟಿದ್ದಾರೆ; ಅದೇ ಮೋಹನವೀಣೆ. ಹಾಗಾಗಿ ಅವರ ಸ್ವರ ನಿಂತ ಮೇಲೂ ಒಂದು ಝೇಂಕಾರ ಉಳಿಯುತ್ತದೆ. ಯಾರದು ಯಾವುದು ಎಂದು ಗುರುತಿಸಲು ಇದೇ ಸುಳಿವು.

ಇರುವುದು ನಾಲ್ಕೇ ರಚನೆ. ಕೊನೆಯದು ಫಿಜಿ ದ್ವೀಪದ ಬೀಳ್ಕೊಡುಗೆ ಹಾಡಿನ ಧಾಟಿ. 1994ರಲ್ಲಿ ಆಲ್ಬಂಗೆ ಗ್ರ್ಯಾಮಿ ಬಂತು.

ಫ್ಯೂಷನ್ ಅಂದರೆ ಬರೀ ಗದ್ದಲ ಎನ್ನುವವರು ಒಮ್ಮೆ ಇದನ್ನು ಕೇಳಿ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ.