ಕೆರೆಗೆ ನೀರು ಬಂತು, ಜೊತೆಗೆ ಕೇಸೂ ಬಂತು

ಮೊನ್ನೆ ಟೊಮೆಟೊ ಸಾಲಿಗೆ ಡ್ರಿಪ್ ಬಿಡ್ತಿದ್ದಾಗ ಪಕ್ಕದ ತೋಟದ ಹುಡುಗ ಕೇಳಿದ: "ಅಣ್ಣಾ, ಬೋರಲ್ಲಿ ನೀರು ಮೇಲಕ್ಕೆ ಬಂದೈತಲ್ಲಾ, ಇನ್ನೂ ಯಾಕೆ ಆ ಕೇಸಿನ ಮಾತು?" ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದ್ದೀನಿ.

ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯೋ ನದಿ ಇಲ್ಲ. ಸುಗಟೂರಿನ ಕಡೆ ಸಾವಿರ ಅಡಿ ದಾಟಿ ಕೊರೆಸಿ ಬರೀ ಧೂಳು ನೋಡಿದವರಲ್ಲಿ ನಾನೂ ಒಬ್ಬ. ಅದಕ್ಕೇ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಹಬ್ಬ ಮಾಡಿದ್ವಿ. ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧಿ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್ ತಂದು ಕೆರೆ ತುಂಬಿಸೋ ಯೋಜನೆ ಅದು.

ಜುಲೈನಲ್ಲೇ ಕೆರೆಯಲ್ಲಿ ನೊರೆ ಎದ್ದಿತು. ನೀರಾವರಿ ಹೋರಾಟಗಾರ ಆರ್. ಆಂಜನೇಯ ರೆಡ್ಡಿಯವರ ಅರ್ಜಿ ಮೇಲೆ ಹೈಕೋರ್ಟ್ ನೀರು ನಿಲ್ಲಿಸಿತು. ಸೆಪ್ಟೆಂಬರ್‌ನಲ್ಲಿ ಬಿಡೋಕೆ ಒಪ್ಪಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆ ಕೊಟ್ಟಿತು, ಆಮೇಲೆ ಅದೂ ತೆರವಾಯಿತು.

ತಡೆ ಬಂದ ದಿನ ನನಗೆ ಎಷ್ಟು ಸಿಟ್ಟು ಬಂದಿತ್ತು ಅಂದ್ರೆ, ಹೊಟ್ಟೆಗೆ ಹೊಡೆದ್ರು ಅಂತ ಊರೆಲ್ಲಾ ಹೇಳ್ಕೊಂಡು ತಿರುಗಿದ್ದೆ. ಅರ್ಜಿಯಲ್ಲಿ ಕೇಳಿದ್ದೇನು ಅಂತ ತಿಳ್ಕೊಂಡಿದ್ದು ಆಮೇಲೆ. ನೀರು ಬೇಡ ಅಂತಲ್ಲ, ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ.

ಅದು ಸಣ್ಣ ಮಾತಲ್ಲ. ಎರಡನೇ ಹಂತದಲ್ಲಿ ಸೂಕ್ಷ್ಮಜೀವಿಗಳು ಕೊಳಕು ತಿಂದು ಮುಗಿಸ್ತವೆ. ಸಾರಜನಕ, ರಂಜಕ ಪೂರ್ತಿ ಹೋಗಲ್ಲ. ಮಣ್ಣು ಸೋಸುತ್ತೆ ನಿಜ, ಆದರೆ ನೈಟ್ರೇಟ್ ನೀರಿನ ಜೊತೆಗೇ ಇಳಿಯುತ್ತೆ. ಆ ನೀರು ನೇರ ಬಳಕೆಗಲ್ಲ, ಇಂಗಿಸೋಕೆ ಮಾತ್ರ ಅಂತಾರೆ. ಇಂಗಿದ್ದು ಹೋಗೋದು ಎಲ್ಲಿಗೆ? ನಮ್ಮ ಬೋರಿಗೇ. ಹೊಲಕ್ಕೂ ಅದೇ, ಮನೆ ಬಿಂದಿಗೆಗೂ ಅದೇ.

ಹಾಗಂತ ನೀರು ನಿಲ್ಲಿಸಿ ಅಂತ ನಾನು ಹೇಳಲ್ಲ. ನಿಂತ್ರೆ ನನ್ನ ಹಿಪ್ಪುನೇರಳೆ ಒಣಗುತ್ತೆ. ನೀರೂ ಬೇಕು, ಶುದ್ಧಿಯೂ ಬೇಕು. ಎರಡನ್ನೂ ಕೇಳಿದ್ರೆ ದುರಾಸೆ ಆಗಲ್ಲ.

ಕೋರ್ಟಿನಲ್ಲಿ ನಡೆಯೋದು ಕಾಗದ. ಲ್ಯಾಬ್ ವರದಿಗೆ ಲ್ಯಾಬ್ ವರದಿ. ನಮ್ಮ ಬೋರ್ ಮೊದಲು ಹೇಗಿತ್ತು ಅಂತ ಕೇಳಿದ್ರೆ ನನ್ನ ಹತ್ರ ಒಂದು ಚೀಟಿಯೂ ಇಲ್ಲ. ಅದಕ್ಕೇ ಈಗ ಮಳೆಗಾಲಕ್ಕೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ ನೀರು ಪರೀಕ್ಷೆ ಮಾಡಿಸಿ ವರದಿಗಳನ್ನ ಪಹಣಿ ಜೊತೆ ಇಡ್ತಿದ್ದೀನಿ. ಹುಡುಗನಿಗೂ ಒಂದು ಬಾಟ್ಲಿ ಕೊಟ್ಟಿದ್ದೀನಿ. ನೀವೂ ಮಾಡಿಸಿ.